ಬೆಂಗಾಲ್ (ಯುದ್ಧನೌಕೆ)

ಎರಡನೆಯ ಮಹಾಯುದ್ಧ ಕಾಲದ ರಾಯಲ್ ಇಂಡಿಯನ್ ನೇವಿಯ ಬೆಂಗಾವಲು ನೌಕೆ. ಬಾಥರ್ಸ್ಟ್ ವರ್ಗದ ಈ ಕಾರ್ವೆಟ್ ಸಿಡ್ನಿಯ ಕಾಕಟೂ ಹಡಗುಕಟ್ಟೆಯಲ್ಲಿ ನಿರ್ಮಾಣಗೊಂಡು 1942ರಲ್ಲಿ ಸೇವೆಗೆ ಸೇರಿತು. ಅದೇ ವರ್ಷ ನವೆಂಬರ್ 11ರಂದು, ಫ್ರೀಮ್ಯಾಂಟಲ್‌ನಿಂದ ಡೀಗೋ ಗಾರ್ಸಿಯಾದತ್ತ ಡಚ್ ತೈಲನೌಕೆ ಒಂಡಿನಾಗೆ ಬೆಂಗಾವಲಾಗಿ ಸಾಗುತ್ತಿದ್ದಾಗ, ಕೊಕೊಸ್ ದ್ವೀಪಗಳ ನೈಋತ್ಯಕ್ಕೆ ಜಪಾನಿನ ದಾಳಿನೌಕೆಗಳಾದ ಹೊಕೊಕು ಮರು, ಐಕೊಕು ಮರು ಎದುರಾದವು. ಎರಡೂ ಗಾತ್ರದಲ್ಲಿ ಬೆಂಗಾಲ್‌ಗಿಂತ ಹತ್ತಾರು ಪಟ್ಟು ದೊಡ್ಡವು. ಬೆಂಗಾಲ್‌ನ ಲೆಫ್ಟಿನೆಂಟ್ ಕಮಾಂಡರ್ ವಿಲ್ಸನ್ ತೈಲನೌಕೆಗೆ ದೂರ ಸರಿಯುವಂತೆ ಸೂಚಿಸಿ, ಒಂದೇ ಸಣ್ಣ ಫಿರಂಗಿಯನ್ನು ನಂಬಿ ಶತ್ರುವಿನತ್ತ ನೇರವಾಗಿ ನುಗ್ಗಿದರು. ಹೊಕೊಕು ಮರು ಸ್ಫೋಟಗೊಂಡು ಮುಳುಗಿತು. ಕೀರ್ತಿಯೆಲ್ಲ ಬೆಂಗಾಲ್‌ಗೇ ಸಲ್ಲಬೇಕೆನ್ನುವುದು ಅತಿಶಯ. ಒಂಡಿನಾ ಕೂಡ ಗುಂಡು ಹಾರಿಸಿತ್ತು; ನಿರ್ಣಾಯಕ ಗುಂಡು ಅದರದ್ದೆಂಬ ಅಭಿಪ್ರಾಯವೇ ಬಲವಾಗಿದೆ. ಬೆಂಗಾಲ್, ಒಂಡಿನಾ ಎರಡೂ ಹಾನಿಗೊಂಡರೂ ಉಳಿದವು; ಒಂಡಿನಾದ ಕಪ್ತಾನ ಹಾರ್ಸ್‌ಮನ್ ಮಡಿದರು. ಸ್ವಾತಂತ್ರ್ಯಾನಂತರ ಭಾರತೀಯ ನೌಕಾಪಡೆಯಲ್ಲಿ ಮುಂದುವರಿದ ಬೆಂಗಾಲ್ ಅನ್ನು 1960ರಲ್ಲಿ ಗುಜರಿಗೆ ಹಾಕಲಾಯಿತು.