ಮೀಡಿಯಂ ಫಾರ್ಮ್ಯಾಟ್ ಕಲರ್ ಫಿಲ್ಮ್: ಲ್ಯಾಬ್ ಸಂಸ್ಕರಣೆಯ ದೋಷಗಳು

ಲ್ಯಾಬ್‌ನಿಂದ ತೊಳೆದು ಬಂದ 120 ಅಳತೆಯ ಕಲರ್ ರೋಲು ಮಂಕಾಗಿಯೋ ಬಣ್ಣಗೆಟ್ಟೋ ಕಂಡರೆ ಮೊದಲು ನೋಡಬೇಕಾದದ್ದು ಚಿತ್ರವನ್ನಲ್ಲ, ನೆಗೆಟಿವ್‌ನ ಅಂಚನ್ನು. ಫಿಲ್ಮಿನ ಹೆಸರು ಮತ್ತು ಫ್ರೇಮ್ ಸಂಖ್ಯೆಗಳನ್ನು ತಯಾರಕರು ಕಾರ್ಖಾನೆಯಲ್ಲೇ ಬೆಳಕಿನಿಂದ ಆ ಅಂಚಿನ ಮೇಲೆ ಮೂಡಿಸಿರುತ್ತಾರೆ. ಅದರಲ್ಲಿ ಕ್ಯಾಮೆರಾದ ಕೈವಾಡ ಏನೂ ಇಲ್ಲ. ಅಕ್ಷರಗಳು ಗಾಢವಾಗಿದ್ದು ಚಿತ್ರ ಮಾತ್ರ ತೆಳುವಾಗಿದ್ದರೆ ಬೆಳಕು ಸಾಲದೆ ತೆಗೆದ ಫೋಟೊ ಅದು. ಅಕ್ಷರಗಳೂ ಮಸುಕಾಗಿದ್ದರೆ ಡೆವಲಪರ್ ಮೇಲೆ ಸಂಶಯಪಡಬೇಕು. ಅಕ್ಷರವೇ ಇಲ್ಲದೆ ಫಿಲ್ಮ್ ಪೂರ್ತಿ ಬೋಳಾಗಿ ಬಂದಿದ್ದರೆ ಅಲ್ಲಿ ಡೆವಲಪರ್ ಕೆಲಸವನ್ನೇ ಮಾಡಿಲ್ಲ.

120 ರೋಲನ್ನು ಕೊಡಾಕ್ 1901ರಲ್ಲಿ ಬ್ರೌನಿ ಕ್ಯಾಮೆರಾಕ್ಕಾಗಿ ತಂದಿತು. ಸುಮಾರು 6 ಸೆಂ.ಮೀ. ಅಗಲದ ಈ ಫಿಲ್ಮ್‌ಗೆ ಬೆನ್ನಿಗೊಂದು ಕಾಗದವಿರುತ್ತದೆ. 6x6 ಕ್ಯಾಮೆರಾದಲ್ಲಿ ಸಿಗುವುದು ಕೇವಲ 12 ಚಿತ್ರ, 6x7ರಲ್ಲಿ 10. ಒಂದು ರೋಲು ಕೆಟ್ಟರೂ ನಷ್ಟ ದೊಡ್ಡದು.

ಕಲರ್ ನೆಗೆಟಿವ್‌ಗಳನ್ನು ತೊಳೆಯುವ ಸಿ-41 ವಿಧಾನ 1972ರಿಂದ ಬಳಕೆಯಲ್ಲಿದೆ. ಡೆವಲಪರ್‌ನಲ್ಲಿ 3 ನಿಮಿಷ 15 ಸೆಕೆಂಡು, 37.8 ಡಿಗ್ರಿ ಸೆಲ್ಸಿಯಸ್, ಅದರಲ್ಲಿ 0.15 ಡಿಗ್ರಿಯಷ್ಟು ಏರಿಳಿತಕ್ಕೆ ಮಾತ್ರ ಅವಕಾಶ. ಇಷ್ಟು ಬಿಗಿ ಏಕೆಂದರೆ ಫಿಲ್ಮಿನಲ್ಲಿ ಬಣ್ಣದ ಪದರಗಳು ಒಂದರ ಮೇಲೊಂದು ಕೂತಿವೆ, ದ್ರಾವಣ ಕೆಳಗಿನ ಪದರದವರೆಗೂ ಇಳಿಯಬೇಕು. ಶಾಖ, ಸಮಯ ಅಥವಾ ದ್ರಾವಣದ ಕಸುವು ತಪ್ಪಿದಾಗ ಎಲ್ಲ ಪದರಗಳೂ ಒಂದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಆಗ ನೆರಳಿನಲ್ಲಿ ಹಸಿರು ಛಾಯೆ, ಬೆಳಕಿನ ಭಾಗದಲ್ಲಿ ಕೆನ್ನೇರಳೆ ಛಾಯೆ ಹೀಗೆ ಎರಡು ದಿಕ್ಕಿಗೆ ಬಣ್ಣ ಜಾರಬಹುದು. ಇದೇ ಕ್ರಾಸ್‌ಓವರ್. ಒಂದು ಫಿಲ್ಟರ್ ಹಾಕಿ ಪ್ರಿಂಟಿನಲ್ಲಿ ಇದನ್ನು ಸರಿಪಡಿಸಲಾಗದು. ನೆರಳು ಸರಿಹೋದರೆ ಬೆಳಕು ಕೆಡುತ್ತದೆ.

ಹೆಚ್ಚು ಗಮನ ಕೊಡಬೇಕಾದದ್ದು ಬ್ಲೀಚ್‌ಗೆ. ಡೆವಲಪರ್ ಬಣ್ಣದ ಜೊತೆಗೆ ಬೆಳ್ಳಿಯನ್ನೂ ಉಂಟುಮಾಡುತ್ತದೆ. ಆ ಬೆಳ್ಳಿಯನ್ನು ಬ್ಲೀಚ್ ಕರಗಬಲ್ಲ ರೂಪಕ್ಕೆ ತಿರುಗಿಸಿದ ಮೇಲೆ ಫಿಕ್ಸರ್ ಹೊರಹಾಕುತ್ತದೆ. ಬ್ಲೀಚ್‌ನಲ್ಲಿರುವ ಕಬ್ಬಿಣದ ಸಂಯುಕ್ತಕ್ಕೆ ಮತ್ತೆ ಶಕ್ತಿ ಬರಬೇಕಾದರೆ ಗಾಳಿ ಬೇಕು, ಆದ್ದರಿಂದಲೇ ಯಂತ್ರಗಳಲ್ಲಿ ಆ ತೊಟ್ಟಿಗೆ ಗಾಳಿಗುಳ್ಳೆ ಊದುತ್ತಾರೆ. ದಿನಕ್ಕೆ ಬೆರಳೆಣಿಕೆಯ ರೋಲು ಬರುವ ಲ್ಯಾಬ್‌ಗಳಿಗೆ ಇನ್ನೊಂದು ಕಷ್ಟ: ತೊಟ್ಟಿಗೆ ಹೊಸ ದ್ರಾವಣ ಸೇರುವುದು ಕಡಿಮೆ, ಹಳೆಯದು ನಿಂತಲ್ಲೇ ಹಳಸುತ್ತದೆ. ಹೀಗೆ ಬ್ಲೀಚ್ ಸೋತು ಬೆಳ್ಳಿ ಉಳಿದುಕೊಂಡ ನೆಗೆಟಿವ್ ದಟ್ಟವಾಗಿ ಕಾಣುತ್ತದೆ, ಬಣ್ಣ ಬಾಡಿರುತ್ತದೆ, ಗ್ರೇನ್ ಒರಟಾಗಿರುತ್ತದೆ. ಸ್ಕ್ಯಾನರ್ ಕೂಡ ಸುಳಿವು ಕೊಡುತ್ತದೆ. ಧೂಳು ಅಳಿಸುವ ಇನ್‌ಫ್ರಾರೆಡ್ ಕಿರಣಕ್ಕೆ ಬಣ್ಣ ಪಾರದರ್ಶಕ, ಬೆಳ್ಳಿ ಅಲ್ಲ. ಹಾಗಾಗಿ ಸ್ಕ್ಯಾನರ್ ಉಳಿದ ಬೆಳ್ಳಿಯನ್ನೇ ಧೂಳೆಂದು ತಿಳಿದು ಚಿತ್ರದ ವಿವರಗಳನ್ನು ಕಲಸಿಬಿಡುತ್ತದೆ. ಸಮಾಧಾನದ ಸಂಗತಿಯೆಂದರೆ ಈ ದೋಷಕ್ಕೆ ಮದ್ದಿದೆ. ಒಳ್ಳೆಯ ಬ್ಲೀಚ್‌ನಲ್ಲಿ ಮತ್ತೊಮ್ಮೆ ಅದ್ದಿ, ಫಿಕ್ಸ್ ಮಾಡಿ, ತೊಳೆದು, ಕೊನೆಯ ರಿನ್ಸ್ ಕೊಟ್ಟರೆ ಬಣ್ಣ ಮರಳುತ್ತದೆ. ಕತ್ತಲೆಕೋಣೆಯೂ ಬೇಡ, ವರ್ಷಗಳು ಕಳೆದಿದ್ದರೂ ಅಡ್ಡಿಯಿಲ್ಲ. ಕಡಿಮೆ ಡೆವಲಪ್ ಆದ ಫಿಲ್ಮಿಗೆ ಈ ಭಾಗ್ಯವಿಲ್ಲ.

ಕೈಕೆಲಸದ ತಪ್ಪುಗಳು ಬೇರೆ. ಅಗಲವಾದ ಈ ಫಿಲ್ಮನ್ನು ಸುರುಳಿ ರೀಲಿಗೆ ಏರಿಸುವಾಗ ಮಡಚಿದರೆ ಉಗುರಿನಾಕಾರದ ಕಲೆ ಬೀಳುತ್ತದೆ. ಎರಡು ಸುತ್ತು ಒಂದಕ್ಕೊಂದು ಅಂಟಿದರೆ ಆ ಜಾಗಕ್ಕೆ ದ್ರಾವಣ ತಲುಪುವುದಿಲ್ಲ. ದ್ರಾವಣವನ್ನು ವಿಪರೀತ ಕಲಕಿದರೆ ಅಂಚಿನುದ್ದಕ್ಕೂ ದಟ್ಟ ಪಟ್ಟಿ ಮೂಡುತ್ತದೆ, ಬರಿಯ ಆಕಾಶವಿರುವ ಫ್ರೇಮಿನಲ್ಲಿ ಅದು ಎದ್ದು ಕಾಣುತ್ತದೆ. ಉದ್ದಕ್ಕೆ ಎಳೆದ ನೇರ ಗೀರು ಮಾತ್ರ ಕ್ಯಾಮೆರಾದ್ದೂ ಆಗಿರಬಹುದು, ಲ್ಯಾಬ್‌ದೂ ಆಗಿರಬಹುದು. ಬೇಡವಾದ ರೋಲೊಂದನ್ನು ಕ್ಯಾಮೆರಾದಲ್ಲಿ ಸುತ್ತಿ, ತೊಳೆಯದೆ ಹಾಗೇ ಓರೆ ಬೆಳಕಿನಲ್ಲಿ ನೋಡಿದರೆ ವಿಷಯ ತಿಳಿಯುತ್ತದೆ.

ಎಲ್ಲಕ್ಕೂ ಲ್ಯಾಬ್ ಹೊಣೆಯಲ್ಲ ಎಂಬುದನ್ನೂ ಹೇಳಲೇಬೇಕು. ಸಡಿಲವಾಗಿ ಸುತ್ತಿದ ರೋಲಿನ ಅಂಚಿನಿಂದ ಬೆಳಕು ನುಸುಳಿದರೆ, ಆ ಕಲೆ ಸುತ್ತಳತೆಗೆ ತಕ್ಕ ಅಂತರದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. 2010ರ ದಶಕದ ಉತ್ತರಾರ್ಧದಲ್ಲಿ ಕೊಡಾಕ್‌ನ ಕೆಲವು ಟಿ-ಮ್ಯಾಕ್ಸ್, ಟ್ರೈ-ಎಕ್ಸ್ ಕಪ್ಪು-ಬಿಳುಪು ಬ್ಯಾಚ್‌ಗಳಲ್ಲಿ ಬೆನ್ನಿನ ಕಾಗದದ ಅಂಕಿ-ಅಕ್ಷರಗಳೇ ಚಿತ್ರದೊಳಗೆ ಅಚ್ಚೊತ್ತಿದ್ದವು. ತೊಳೆದವರ ತಪ್ಪು ಅದಲ್ಲ. ಕೆಟ್ಟ ಸ್ಕ್ಯಾನ್ ನೋಡಿ ಸಂಸ್ಕರಣೆಯನ್ನು ದೂರುವುದಂತೂ ತೀರಾ ಸಾಮಾನ್ಯ. ಲೈಟ್ ಬಾಕ್ಸಿನ ಮೇಲೆ ನೆಗೆಟಿವ್ ಇಟ್ಟು ನೋಡದೆ ತೀರ್ಪು ಕೊಡಬಾರದು.

ಶಿಸ್ತಿನ ಲ್ಯಾಬ್‌ಗಳು ಕಾರ್ಖಾನೆಯಲ್ಲೇ ಬೆಳಕುಂಡ ಕಂಟ್ರೋಲ್ ಸ್ಟ್ರಿಪ್‌ಗಳನ್ನು ನಿಯಮಿತವಾಗಿ ತೊಳೆದು, ಡೆನ್ಸಿಟೊಮೀಟರಿನಲ್ಲಿ ಅಳೆದು, ಮಾದರಿ ಪಟ್ಟಿಯೊಂದಿಗೆ ಹೋಲಿಸುತ್ತವೆ. ಹೊಸ ಲ್ಯಾಬಿಗೆ ಮುಖ್ಯವಾದ ರೋಲುಗಳನ್ನು ಕೊಡುವ ಮುನ್ನ ಆ ಅಳತೆಗಳನ್ನು ಕೇಳಿ ನೋಡುವ ಹಕ್ಕು ಗ್ರಾಹಕರಿಗಿದೆ. ಬೂದು ಕಾರ್ಡ್ ಇಟ್ಟು ಒಂದೇ ದೃಶ್ಯವನ್ನು ಎರಡು ರೋಲುಗಳಲ್ಲಿ ತೆಗೆದು, ಎರಡು ಲ್ಯಾಬ್‌ಗಳಲ್ಲಿ ತೊಳೆಸಿ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಬರಿಗಣ್ಣಿಗೇ ಗೊತ್ತಾಗುತ್ತದೆ.