ಕಚೇರಿಯ ಖರ್ಚು ಯಾರ ಲೆಕ್ಕಕ್ಕೆ?

ನಮ್ಮ ಕನಕಪುರ ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುವುದಕ್ಕೆ ಒಂದು ಲೆಕ್ಕವಿದೆ. ಹೊರಗಿನವರಿಗೆ ಹೇಳಿದರೆ ಮೊದಲು ನಂಬುವುದಿಲ್ಲ. ನಾಟಕ ನೋಡಲು ಬರುವವರು ಒಂದು ಪೈಸೆಯನ್ನೂ ಕೊಡುವುದಿಲ್ಲ, ಆಡುವವರೇ ದುಡ್ಡು ಕಟ್ಟುತ್ತಾರೆ. ಕೃಷ್ಣನಿಗೆ, ದುರ್ಯೋಧನನಿಗೆ ಹೆಚ್ಚು. ಸಣ್ಣಪುಟ್ಟ ಪಾತ್ರಗಳಿಗೆ ಕಡಿಮೆ. ಹಾರ್ಮೋನಿಯಂ ಮೇಷ್ಟರ ಸಂಬಳ, ತಬಲಾದವರ ಕೂಲಿ, ಸೀನರಿಯ ಬಾಡಿಗೆ, ಪೆಂಡಾಲು, ಮೈಕು, ದ್ರೌಪದಿಯ ಪಾತ್ರಕ್ಕೆ ಹೊರಗಿನಿಂದ ಕರೆಸುವ ಕಲಾವಿದೆಯ ಸಂಭಾವನೆ, ಎಲ್ಲವೂ ಆ ದುಡ್ಡಿನಲ್ಲೇ ಆಗಬೇಕು. ತಿಂಗಳುಗಟ್ಟಲೆ ಹೊಲದ ಕೆಲಸ ಮುಗಿಸಿ ಬಂದು ಮಟ್ಟು ಕಲಿತು, ಒಂದು ರಾತ್ರಿ ಬೆಳಗಿನವರೆಗೆ ಹಾಡಿ, ಮಾರನೇ ದಿನ ಸಾಲದ ಲೆಕ್ಕ ನೋಡುವ ಭೀಮಸೇನರನ್ನು ನಮ್ಮ ಕಡೆ ಎಲ್ಲರೂ ಬಲ್ಲರು.

ಹಳೆಯ ಮೈಸೂರು ಸೀಮೆಯ ಸಂಗೀತ ಸಭೆಗಳ ಕುರಿತು ಸಂಶೋಧನೆ ಮಾಡುತ್ತಿರುವ ನನಗೆ ಈ ಲೆಕ್ಕ ಮುಖ್ಯವಾಗಿ ಕಂಡದ್ದು ಒಬ್ಬ ಗೆಳೆಯನ ದೆಸೆಯಿಂದ. ಅವನು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಾನೆ. ಗಣೇಶನ ಹಬ್ಬ, ರಾಜ್ಯೋತ್ಸವ, ಮದುವೆಯ ಆರತಕ್ಷತೆ, ಊರಹಬ್ಬ ಇದ್ದರೆ ಅವನಿಗೆ ಕೆಲಸ, ಇಲ್ಲದಿದ್ದರೆ ಇಲ್ಲ. ಬೆಂಗಳೂರಿನ ಇಂದಿರಾನಗರದಲ್ಲಿ ಇರುವಂಥದ್ದೊಂದು ಜಾಗ, ಅಂದರೆ ಸಂಜೆಯಾದರೆ ಬಾಗಿಲು ತೆರೆಯುವ, ಜನ ಟಿಕೆಟ್ ಕೊಂಡು ಬಂದು ಕೂತು ಹಾಡು ಕೇಳುವ ಜಾಗ, ನಮ್ಮೂರಿನಲ್ಲೂ ಮಾಡಿದರೆ ಹೇಗೆ ಎಂಬುದು ಅವನ ಬಹುದಿನದ ಯೋಚನೆ. "ಇಸ್ಟ್ರಿ ಓದ್ತೀಯಲ್ಲ ಮಗ, ಇಂಗೆ ದಿನಾ ಆಡ್ಸೋ ಜಾಗ ಎಲ್ಲಾದ್ರೂ ಉಳ್ಕಂಡೈತಾ ಯೋಳು" ಎಂದು ಒಮ್ಮೆ ಕೇಳಿದ. ಅವನು ಸಾಲ ತೆಗೆಯುವ ಯೋಚನೆಯಲ್ಲಿದ್ದುದರಿಂದ ಬಾಯಿಗೆ ಬಂದ ಉತ್ತರ ಕೊಡುವ ಹಾಗಿರಲಿಲ್ಲ.

ಅವನಿಗಾಗಿ ನಾನು ಓದಿಕೊಂಡದ್ದನ್ನೆಲ್ಲ ಇನ್ನೊಮ್ಮೆ ತಿರುವಿಹಾಕಿದೆ. ಸಂಗೀತದ ಚರಿತ್ರೆ ಬರೆಯುವವರು ಯಾರು ಹಾಡಿದರು, ಯಾವ ರಾಗ ಹಾಡಿದರು, ಯಾವ ಬಿರುದು ಬಂತು ಎಂದು ಬರೆಯುತ್ತಾರೆ. ಅಂದಿನ ದೀಪದೆಣ್ಣೆಯ ಖರ್ಚು ಯಾರು ಕೊಟ್ಟರು ಎಂದು ಬರೆಯುವುದು ಅಪರೂಪ. ಒಂದು ಜಾಗ ಉಳಿಯಿತೋ ಅಳಿಯಿತೋ ಎಂಬುದು ಮಾತ್ರ ಈ ಎರಡನೇ ಪ್ರಶ್ನೆಯ ಮೇಲೆ ನಿಂತಿದೆ.

ಮೊದಲು ಅರಮನೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರಿನಲ್ಲಿ ಆಸ್ಥಾನ ವಿದ್ವಾಂಸರಿಗೆ ತಿಂಗಳ ಸಂಬಳವಿತ್ತು. ವೀಣೆ ಶೇಷಣ್ಣನವರು ನುಡಿಸಿದ ಸಂಜೆ ಎಷ್ಟು ಜನ ಬಂದರು ಎಂಬುದರ ಮೇಲೆ ಅವರ ಮನೆಯ ಅಕ್ಕಿ ನಿಂತಿರಲಿಲ್ಲ. ಈ ಪೋಷಣೆ ಮೈಸೂರಿನ ಎಲ್ಲೆಯನ್ನೂ ದಾಟಿತ್ತು. 1948ರಲ್ಲಿ ಲಂಡನ್ನಿನ ಫಿಲಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರು ನಮ್ಮ ಜಯಚಾಮರಾಜ ಒಡೆಯರು. ಆ ವಾದ್ಯವೃಂದಕ್ಕೆ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷದ ನೆರವನ್ನು ಅವರು ಒಪ್ಪಿಕೊಂಡಿದ್ದರು. ಲಂಡನ್ನಿನಂಥ ಊರಿನಲ್ಲೂ ಟಿಕೆಟ್ಟಿನ ದುಡ್ಡಿನಿಂದಲೇ ಒಂದು ದೊಡ್ಡ ವಾದ್ಯವೃಂದ ಕಾಲೂರುವುದು ಕಷ್ಟವಿತ್ತು. ಆ ಕೊರತೆಯ ಒಂದು ಪಾಲು ಮೈಸೂರಿನ ಖಜಾನೆಯ ಲೆಕ್ಕಕ್ಕೆ ಬಂತು.

ಅರಮನೆಯ ಆಚೆಗೆ ಮೂರು ಬಗೆಯ ಪ್ರಯೋಗಗಳು ಕಾಣುತ್ತವೆ. ಮೈಸೂರಿನ ಬಿಡಾರಂ ಕೃಷ್ಣಪ್ಪನವರದು ಒಂದು. ಪಿಟೀಲು ಚೌಡಯ್ಯನವರ ಗುರುಗಳು ಇವರು. ಹಾಡುಗಾರನಾದವನು ತಾನೇ ಮುಂದೆ ನಿಂತು ಹಣ ಕೂಡಿಸಿ, ಸಂಗೀತಕ್ಕೆಂದು ಒಂದು ಮಂದಿರ ಕಟ್ಟಿಸಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಅದಕ್ಕೆ ಅವರು ಇಟ್ಟ ಹೆಸರು ಪ್ರಸನ್ನ ಸೀತಾರಾಮ ಮಂದಿರ. ಹೆಸರಿನಲ್ಲೇ ದೇವರಿದ್ದಾನೆ. ಭಕ್ತಿ ಅವರಿಗೆ ಸಹಜವಾಗಿತ್ತು, ಅದರಲ್ಲಿ ಸಂದೇಹವಿಲ್ಲ. ಜೊತೆಗೆ, ಬರೀ ಹಾಡಿನ ಮನೆಗೆ ಕೊಡಲು ಹಿಂದೆಮುಂದೆ ನೋಡುವ ಕೈ ರಾಮನ ಮನೆಗೆ ಕೊಡುವಾಗ ಅಷ್ಟು ಯೋಚಿಸುವುದಿಲ್ಲ ಎಂಬುದೂ ನಿಜ.

ಎರಡನೆಯದು ಸದಸ್ಯತ್ವದ ದಾರಿ. ಬೆಂಗಳೂರು ಗಾಯನ ಸಮಾಜ ಶುರುವಾದದ್ದು 1905ರಲ್ಲಿ. ನೂರಿಪ್ಪತ್ತು ವರ್ಷ ಕಳೆದರೂ ಕೃಷ್ಣರಾಜೇಂದ್ರ ರಸ್ತೆಯ ಅದರ ಸಭಾಂಗಣದಲ್ಲಿ ಇಂದಿಗೂ ಕಚೇರಿಗಳು ನಡೆಯುತ್ತವೆ. ನನ್ನ ಗೆಳೆಯನ ಪ್ರಶ್ನೆಗೆ ಎದುರಿಗಿಡಬಹುದಾದ ಗಟ್ಟಿ ಉದಾಹರಣೆ ಇದು. ಸದಸ್ಯರು ಚಂದಾ ಕೊಡುವುದು ಒಬ್ಬ ಹಾಡುಗಾರನನ್ನು ನೋಡಿ ಅಲ್ಲ, ಸಂಸ್ಥೆಯನ್ನು ನೋಡಿ. ಮಳೆ ಬಂದು ಅಂದು ಯಾರೂ ಬಾರದಿದ್ದರೂ ಆ ಸಂಜೆಯ ಖರ್ಚು ಮೊದಲೇ ಕೈಸೇರಿರುತ್ತದೆ.

ಮೂರನೆಯದು ಪೆಂಡಾಲು. 1939ರಲ್ಲಿ ಚಾಮರಾಜಪೇಟೆಯಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾಯರು ಇನ್ನೂ ಹುಡುಗರಾಗಿದ್ದಾಗ ಶುರುಮಾಡಿದ ರಾಮಸೇವಾ ಮಂಡಳಿ, ಮುಂದೆ ಕೋಟೆ ಹೈಸ್ಕೂಲಿನ ಮೈದಾನದ ರಾಮನವಮಿ ಸಂಗೀತೋತ್ಸವವಾಗಿ ದೇಶಕ್ಕೆಲ್ಲ ಹೆಸರಾಯಿತು. ಮಂಡಳಿಯ ಲೆಕ್ಕ ಸರಳ. ರಾಮನವಮಿಗೆ ಚಪ್ಪರ ಏಳುತ್ತದೆ, ಒಂದು ತಿಂಗಳಿಗೂ ಮೀರಿ ಕಚೇರಿಗಳು ನಡೆಯುತ್ತವೆ, ಆಮೇಲೆ ಚಪ್ಪರ ಇಳಿಯುತ್ತದೆ. ವರ್ಷವಿಡೀ ಬಾಡಿಗೆ ಕಟ್ಟಬೇಕಾದ ಕಚೇರಿಯ ಹಾಲ್ ಇಲ್ಲ. ಒಳಗಿನ ಕುರ್ಚಿಗಳ ದುಡ್ಡು, ದಾನಿಗಳ ದುಡ್ಡು ಸೇರಿ ಸಾಗಿದ ಉತ್ಸವವನ್ನು ಆಚೆ ರಸ್ತೆಬದಿಯಲ್ಲಿ ಕೂತು ಪುಕ್ಕಟೆ ಕೇಳಿದವರೂ ಅಷ್ಟೇ ದೊಡ್ಡ ಸಂಖ್ಯೆಯಲ್ಲಿದ್ದರು.

ಈ ಸಾಲಿನಲ್ಲಿ ಎಲ್ಲಕ್ಕಿಂತ ಈಚಿನದು ಗೆಳೆಯ ಕಂಡು ಆಸೆಪಟ್ಟ ಕ್ಲಬ್ಬು. 1980ರ ದಶಕದಿಂದ ಬೆಂಗಳೂರು ಪಬ್ಬುಗಳ ಊರಾಯಿತು. ಮುಂದೆ ಅವುಗಳಲ್ಲಿ ಕೆಲವು ಹಾಡಿಗೇ ಮೀಸಲಾದ ವೇದಿಕೆ ಕಟ್ಟಿದವು. ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್ ಜಾಝ್‌ಗೆ ಹೆಸರಾಯಿತು. ಇಂದಿರಾನಗರದ ಹಮ್ಮಿಂಗ್ ಟ್ರೀ 2013ರಲ್ಲಿ ತೆರೆದು 2019ರಲ್ಲಿ ಮುಚ್ಚಿತು. ಸ್ವಂತ ಹಾಡು ಕಟ್ಟುವ ಹುಡುಗ ಹುಡುಗಿಯರಿಗೆ ಇಂಥ ಜಾಗಗಳು ಬೇರೆಲ್ಲೂ ಸಿಗದ ಒಂದು ಅವಕಾಶ ಕೊಟ್ಟವು. ಅವರ ಹಾಡನ್ನು ಕೇಳಲೆಂದೇ ಬಂದ ಕಿವಿಗಳು ಅಲ್ಲಿದ್ದವು. ಶಿಶುನಾಳ ಶರೀಫರ ಹಾಡುಗಳನ್ನು ಗಿಟಾರಿನ ಜೊತೆ ಹಾಡಿ, ಕನ್ನಡ ಬಾರದವರೂ ಕುಣಿಯುವಂತೆ ಮಾಡಿದ ರಘು ದೀಕ್ಷಿತ್ ಅಂಥವರು ಬೆಳೆದದ್ದು ಈ ವಾತಾವರಣದಲ್ಲಿ.

ಆದರೆ ಈ ಜಾಗಗಳಲ್ಲಿ ಹಾಡಿನ ಖರ್ಚನ್ನು ಹೊತ್ತದ್ದು ಹೆಚ್ಚಾಗಿ ಟಿಕೆಟ್ ಅಲ್ಲ, ಬಿಯರು ಮತ್ತು ಊಟ. ಖರ್ಚು ಹೊತ್ತವರ ಹಣೆಬರಹವೇ ಹಾಡಿಗೂ ಅಂಟುತ್ತದೆ. 2005ರಲ್ಲಿ ಬೆಂಗಳೂರು ನಗರಕ್ಕೆಂದು, ಕರ್ನಾಟಕ ಪೊಲೀಸ್ ಕಾಯ್ದೆಯ ಅಡಿಯಲ್ಲಿ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿಯ ಆದೇಶವೊಂದು ಹೊರಬಿತ್ತು. ಕ್ಯಾಬರೆ, ಡಿಸ್ಕೊ, ಲೈವ್ ಬ್ಯಾಂಡ್ ಮೂರನ್ನೂ ಅದು ಒಂದೇ ದಾರದಲ್ಲಿ ಪೋಣಿಸಿತು. ಲೈವ್ ಬ್ಯಾಂಡ್ ರೆಸ್ಟೋರೆಂಟುಗಳ ಸಂಘ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2018ರ ಜನವರಿಯಲ್ಲಿ ಕೋರ್ಟು ಆದೇಶವನ್ನು ಎತ್ತಿಹಿಡಿಯಿತು. ಆಮೇಲೆ ಪೊಲೀಸರು ಪರವಾನಗಿ ಕೇಳಲು ಶುರುಮಾಡಿದಾಗ ಸಿಕ್ಕಿಕೊಂಡದ್ದು ಬಾರುಗಳಷ್ಟೇ ಅಲ್ಲ, ಗಿಟಾರ್ ಹಿಡಿದು ಸ್ಟೂಲಿನ ಮೇಲೆ ಕೂತು ಹಾಡುವವರೂ ಸಿಕ್ಕಿಕೊಂಡರು. ಪರವಾನಗಿಗೆ ಕಟ್ಟಡದ ವಾಸಯೋಗ್ಯ ಪತ್ರ ಬೇಕು, ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಬೇಕು. ಮನೆಗಳಾಗಿ ಕಟ್ಟಿ ಅಂಗಡಿಗಳಾಗಿ ಬದಲಾದ ಕಟ್ಟಡಗಳಲ್ಲಿ ಎಷ್ಟಕ್ಕೆ ಆ ಪತ್ರವಿದ್ದೀತು? ಅನೇಕ ಕಡೆ ಹಾಡು ನಿಂತಿತು. ಊಟ, ಬಿಯರು ಮುಂದುವರಿದವು.

ಇದನ್ನು ಪೊಲೀಸರ ತಪ್ಪು ಎಂದಷ್ಟೇ ಹೇಳಿ ಮುಗಿಸುವುದು ನನಗೆ ಸರಿ ಕಾಣುವುದಿಲ್ಲ. ಕಿಕ್ಕಿರಿದ ಕೋಣೆಗೆ ಬೆಂಕಿ ಬಿದ್ದರೆ ಹೊರಗೋಡಲು ಬಾಗಿಲಿರಬೇಕು, ಪಕ್ಕದ ಮನೆಯ ಮುದುಕರಿಗೆ ನಿದ್ದೆ ಬರಬೇಕು. ನನಗೆ ಕುತೂಹಲದ್ದಾಗಿ ಕಂಡದ್ದು ಬೇರೆ. ಅದೇ 2005ರಲ್ಲಿ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ ಅವರ 'ಕನ್ನಡವೇ ಸತ್ಯ' ನಡೆಯಿತು, ಜನಸಾಗರವೇ ಸೇರಿತ್ತು. ಒಂದು ರಾತ್ರಿಯ ಅಷ್ಟು ದೊಡ್ಡ ಸಭೆ ನಮಗೆ ಸಂಭ್ರಮವಾಗುತ್ತದೆ. ನೂರು ಜನರ ದಿನನಿತ್ಯದ ಕೋಣೆ ನಮಗೆ ಅನುಮಾನದ ವಸ್ತುವಾಗುತ್ತದೆ.

ಕಾನೂನುಗಳನ್ನು ಓದಿದರೆ ಈ ಒಲವು ಇನ್ನೂ ಸ್ಪಷ್ಟವಾಗುತ್ತದೆ. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ಆದರೆ ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆಂದು ವರ್ಷಕ್ಕೆ 15 ದಿನದ ಮಿತಿಯಲ್ಲಿ ರಾತ್ರಿ 12ರವರೆಗೆ ಸಡಿಲಿಕೆ ಕೊಡುವ ಅಧಿಕಾರ ಸರ್ಕಾರಕ್ಕಿದೆ. ಸಿನಿಮಾ ಹಾಡನ್ನು ಟಿಕೆಟ್ ಇಟ್ಟು ಹಾಡಿಸಿದರೆ ಹಾಡಿನ ಹಕ್ಕುದಾರರ ಸಂಸ್ಥೆಗೆ ಶುಲ್ಕ ಕಟ್ಟಬೇಕು. ಅದೇ ಹಾಡನ್ನು ಮದುವೆಯ ಸಮಾರಂಭದಲ್ಲಿ ಹಾಡಿದರೆ ಕೃತಿಸ್ವಾಮ್ಯ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಅಂದರೆ ನಮ್ಮ ಕಾನೂನು ಹೆಚ್ಚು ಸಲುಗೆ ತೋರುವುದು ಸಂದರ್ಭಕ್ಕೆ, ಜಾಗಕ್ಕಲ್ಲ. ನಮ್ಮ ರೂಢಿಯೂ ಹಾಗೆಯೇ. ಕಬ್ಬಾಳಮ್ಮನ ಜಾತ್ರೆಗೆ ತಮಟೆ, ಪೂಜಾಕುಣಿತ ಬೇಕೇಬೇಕು; ಮಾರನೇ ವಾರ ಅದೇ ತಮಟೆಯವನ ಕೈಚಳಕವನ್ನು ಕೂತು ನೋಡೋಣ ಎಂದು ಯಾರೂ ಕರೆಯುವುದಿಲ್ಲ. ರಾಮನಗರದಲ್ಲಿ 1994ರಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ನಮ್ಮ ಸೀಮೆಯ ಹೆಮ್ಮೆ. ಅಲ್ಲಿ ಕೂಡ ವರ್ಷವಿಡೀ ಬಾಗಿಲು ತೆರೆದಿರುವುದು ವಸ್ತುಸಂಗ್ರಹಾಲಯದ್ದು. ಕಲಾವಿದರು ದೊಡ್ಡ ಸಂಖ್ಯೆಯಲ್ಲಿ ಸೇರುವುದು ಹೆಚ್ಚಾಗಿ ಲೋಕೋತ್ಸವದಂಥ ದಿನಗಳಲ್ಲಿ.

ಇದರಿಂದ ನಷ್ಟ ಯಾರಿಗೆ? ಕೇಳುವವರಿಗೆ ಅಷ್ಟಾಗಿ ಇಲ್ಲ, ಹಬ್ಬ ಬಂದರೆ ಹಾಡು ತಾನಾಗಿಯೇ ಬಾಗಿಲಿಗೆ ಬರುತ್ತದೆ. ನಷ್ಟ ನುಡಿಸುವವರದು. ಸಂದರ್ಭಕ್ಕೆ ಕರೆಸಿಕೊಂಡವನು ಸಂದರ್ಭ ಕೇಳಿದ್ದನ್ನೇ ನುಡಿಸಬೇಕು. ಮದುಮಗನ ಗೆಳೆಯರು ಬಯಸಿದ ಹಾಡು, ಸಮಿತಿಯ ಅಧ್ಯಕ್ಷರಿಗೆ ಇಷ್ಟವಾದ ಹಾಡು. ನನ್ನ ಗೆಳೆಯ ಹದಿನೈದು ವರ್ಷದಿಂದ ನುಡಿಸುತ್ತಿದ್ದಾನೆ, ತಾನೇ ಕಟ್ಟಿದ ಒಂದು ಮಟ್ಟನ್ನು ನಮ್ಮೂರಿನ ವೇದಿಕೆಯಲ್ಲಿ ಇದುವರೆಗೆ ನುಡಿಸಿಲ್ಲ.

ಹಾಗಾಗಿ ಅವನ ಲೆಕ್ಕಕ್ಕೆ ಬರೋಣ. ನೂರು ಕುರ್ಚಿ, 200 ರೂಪಾಯಿ ಟಿಕೆಟ್ ಎಂದಿಟ್ಟುಕೊಳ್ಳಿ. ತುಂಬಿದರೆ 20,000. ಅರ್ಧ ತುಂಬಿದರೆ 10,000. ಆರು ಜನ ವಾದ್ಯದವರಿಗೆ ತಲಾ 2,000 ಕೊಟ್ಟರೆ ಅಲ್ಲಿಗೇ 12,000 ಆಯಿತು. ಸೌಂಡಿನವರು, ಕರೆಂಟು, ಕಟ್ಟಡದ ಬಾಡಿಗೆ ಇನ್ನೂ ಬಾಕಿ. ವಾರಕ್ಕೆ ನಾಲ್ಕು ಸಂಜೆ ಇಂಥ ಕೊರತೆ ಬಿದ್ದರೆ ವರ್ಷದೊಳಗೆ ಬೀಗ. ಕೊರತೆ ತುಂಬಲು ಬಾರ್ ಇಟ್ಟರೆ ಅಬಕಾರಿಯ ಲೈಸೆನ್ಸು ಬೇಕು, ಮನೆಯ ಹೆಣ್ಣುಮಕ್ಕಳನ್ನು ಕರೆದುಕೊಂಡು ಬರುವವರು ನಮ್ಮಂಥ ಊರಿನಲ್ಲಿ ಅರ್ಧಕ್ಕರ್ಧ ಕಡಿಮೆಯಾಗುತ್ತಾರೆ. ಅರಮನೆ ಈಗಿಲ್ಲ. ರಾಜಕಾರಣಿಯ ಕೈಯಿಂದ ದುಡ್ಡು ಬಂದರೆ ವೇದಿಕೆಯ ಹಿಂದೆ ಅವರ ಫ್ಲೆಕ್ಸು ನಿಲ್ಲುತ್ತದೆ, ಚುನಾವಣೆ ಮುಗಿದ ಮೇಲೆ ಆ ಕೈ ಸಿಗುವುದಿಲ್ಲ.

ಉಳಿಯುವುದು 1905ರ ದಾರಿ ಮತ್ತು 1939ರ ದಾರಿ. ಎರಡನ್ನೂ ಕೂಡಿಸಿ ನೋಡಿದೆ. ಊರಿನ 150 ಮನೆಗಳು ವರ್ಷಕ್ಕೆ 1,000 ರೂಪಾಯಿ ಚಂದಾ ಕೊಟ್ಟರೆ ಒಂದೂವರೆ ಲಕ್ಷ. ತಿಂಗಳಿಗೊಂದು ಕಚೇರಿಯಾದರೆ ತಲಾ 12,500. ವಾದ್ಯದವರ ಸಂಭಾವನೆ ಅಲ್ಲಿಗೆ ಗಟ್ಟಿಯಾಯಿತು. ಸದಸ್ಯರಲ್ಲದವರ ಟಿಕೆಟ್ಟಿನಲ್ಲಿ ಸೌಂಡು, ಕರೆಂಟು. 500 ರೂಪಾಯಿ ಮೀರದ ಸಂಗೀತ ಕಾರ್ಯಕ್ರಮದ ಟಿಕೆಟ್ಟಿಗೆ ಜಿಎಸ್‌ಟಿ ಇಲ್ಲ. ಹಾಡುಗಳು ಸ್ವಂತದ್ದಾದರೆ ಹಕ್ಕಿನ ಶುಲ್ಕವೂ ಇಲ್ಲ.

ಇನ್ನು ಜಾಗ. ಅದನ್ನು ಕಟ್ಟುವುದೇ ಬೇಡ. ಕನಕಪುರದಲ್ಲಿ ಕಲ್ಯಾಣ ಮಂಟಪಗಳಿಗೆ ಬರವಿಲ್ಲ. ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ ಮದುವೆಗಳಿಲ್ಲದೆ ಅವು ಬೀಗ ಹಾಕಿಕೊಂಡಿರುತ್ತವೆ. ಮದುವೆಯನ್ನು ನಂಬಿದ ವಾದ್ಯದವರೂ ಆಗ ಮನೆಯಲ್ಲೇ ಕೂತಿರುತ್ತಾರೆ. ಜಾಗವೂ ಖಾಲಿ, ಕೈಯೂ ಖಾಲಿ ಇರುವ ಕಾಲ ಅದು. ಮುಚ್ಚಿದ ಸಭಾಂಗಣದ ಒಳಗೇ ಉಳಿಯುವ ದನಿಗೆ ಶಬ್ದದ ನಿಯಮದಲ್ಲೂ ಜಾಗವಿದೆ. ಯಾರ ಹಬ್ಬವೂ ಅಲ್ಲದ, ಯಾರ ಮದುವೆಯೂ ಅಲ್ಲದ ಒಂದು ಶನಿವಾರ, ಬರೀ ಹಾಡಿಗೆಂದೇ ಜನ ಬಂದು ಕೂರುತ್ತಾರೋ ಇಲ್ಲವೋ ಎಂದು ತಿಳಿಯಲು ಬ್ಯಾಂಕಿನ ಸಾಲ ಬೇಕಿಲ್ಲ. ಸಾಲದ ಅರ್ಜಿ ಹರಿದುಹಾಕು, ಮೊದಲು ಒಂದು ರಸೀದಿ ಪುಸ್ತಕ ಅಚ್ಚು ಹಾಕಿಸು ಎಂದು ಅವನಿಗೆ ಬರೆದಿದ್ದೇನೆ. ಮೊದಲನೆಯ ರಸೀದಿ ನನ್ನ ಹೆಸರಿಗೆ.