ವಿಡಂಬನೆಯನ್ನು ನಿಜವೆಂದೇ ನಂಬಿದಾಗ

‘ರಾಬಿನ್ಸನ್ ಕ್ರೂಸೋ’ (1719) ಬರೆದ ಡೇನಿಯಲ್ ಡೆಫೋನ ಹೆಸರು ನಮ್ಮ ಶಾಲಾ ಮಕ್ಕಳಿಗೂ ಗೊತ್ತು. ಆದರೆ ಅದಕ್ಕೆ ಹದಿನಾರು ವರ್ಷ ಮೊದಲು ಇದೇ ಡೆಫೋ ಮರದ ಹಲಗೆಯ ತೂತುಗಳಲ್ಲಿ ಕತ್ತು, ಕೈ ಸಿಕ್ಕಿಸಿಕೊಂಡು ಲಂಡನ್ನಿನ ಬೀದಿಯಲ್ಲಿ ಮೂರು ದಿನ ನಿಲ್ಲಬೇಕಾಯಿತು. ಅವನು ಮಾಡಿದ ಅಪರಾಧವೆಂದರೆ ಒಂದು ವಿಡಂಬನೆ!

1702ರಲ್ಲಿ ರಾಣಿ ಆನ್ ಪಟ್ಟಕ್ಕೆ ಬಂದಳು. ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರದ ಭಿನ್ನಮತೀಯರನ್ನು ಸರ್ಕಾರಿ ಹುದ್ದೆಗಳಿಂದ ದೂರವಿಡಬೇಕೆಂದು ಟೋರಿ ಪಕ್ಷದವರು ಮಸೂದೆ ತಂದರು. ಹೆನ್ರಿ ಸ್ಯಾಷೆವೆರೆಲ್‌ನಂಥ ಪಾದ್ರಿಗಳು ಬೆಂಕಿ ಕಾರುವ ಉಪದೇಶ ನೀಡುತ್ತಿದ್ದರು. ಸ್ವತಃ ಭಿನ್ನಮತೀಯನಾಗಿದ್ದ ಡೆಫೋ ಅವರದೇ ದನಿಯಲ್ಲಿ ಒಂದು ಕಿರುಹೊತ್ತಿಗೆ ಬರೆದ. ಭಿನ್ನಮತದ ಬೋಧಕರನ್ನು ಗಲ್ಲಿಗೇರಿಸಿ, ಅನುಯಾಯಿಗಳನ್ನು ಗಡೀಪಾರು ಮಾಡಿದರೆ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ ಎಂಬುದು ಅದರ ಸಲಹೆ. ಅದರಲ್ಲಿ ಲೇಖಕನ ಹೆಸರಿರಲಿಲ್ಲ.

ಟೋರಿಗಳು ನಾಚಿಕೊಳ್ಳಬೇಕಿತ್ತು. ಆದರೆ ಅವರಲ್ಲಿ ಕೆಲವರು, ಇದು ತಮ್ಮವರೇ ಬರೆದದ್ದೆಂದು ನಂಬಿ ಕೊಂಡಾಡಿದರು. ಭಿನ್ನಮತೀಯರು ನಿಜವಾಗಿಯೇ ನಡುಗಿದರು. ಗುಟ್ಟು ರಟ್ಟಾದಾಗ ಎರಡೂ ಕಡೆಯವರು ಡೆಫೋನ ಮೇಲೆ ಮುನಿದರು. ಹೊಗಳಿದವರಿಗೆ ಅವಮಾನ, ಹೆದರಿದವರಿಗೆ ಸಿಟ್ಟು.

ಯಾಕೆ ಹೀಗಾಯಿತು? ಅಣಕಿಸಲು ಹೊರಟ ಮಾತೇ ಅಷ್ಟು ಅತಿಯಾಗಿದ್ದಾಗ ಅದನ್ನು ಇನ್ನಷ್ಟು ಹಿಗ್ಗಿಸುವುದು ಕಷ್ಟ. 1729ರಲ್ಲಿ ಜೊನಾಥನ್ ಸ್ವಿಫ್ಟ್, ಐರ್ಲೆಂಡಿನ ಬಡವರ ಕೂಸುಗಳನ್ನು ಶ್ರೀಮಂತರ ಊಟಕ್ಕೆ ಮಾರಬಹುದೆಂದು ಬರೆದ. ಆ ಮಾತನ್ನು ಆಡುವ ರಾಜಕಾರಣಿ ಎಲ್ಲೂ ಇರಲಿಲ್ಲ. ಡೆಫೋ ಬರೆದ ಮಾತನ್ನು ಒಪ್ಪುವವರು ಮಾತ್ರ ಪಕ್ಕದ ಬೀದಿಯಲ್ಲೇ ಇದ್ದರು. ಓದುಗರು ದಡ್ಡರೆಂದು ಈಗ ನಗುವುದು ಸುಲಭ; ನನಗೇನೋ ಅವರ ತಪ್ಪು ಹೆಚ್ಚೆನಿಸುವುದಿಲ್ಲ.

ಡೆಫೋ ತಲೆಮರೆಸಿಕೊಂಡ. 1703ರ ಜನವರಿಯಲ್ಲಿ ‘ಲಂಡನ್ ಗೆಜೆಟ್’ ಅವನ ಸುಳಿವಿಗೆ 50 ಪೌಂಡ್ ಬಹುಮಾನ ಸಾರಿತು: ವಯಸ್ಸು ಸುಮಾರು ನಲವತ್ತು, ತೆಳು ಮೈಕಟ್ಟು, ಕೊಕ್ಕಿನಂಥ ಮೂಗು, ಬಾಯಿಯ ಬಳಿ ದೊಡ್ಡ ಮಚ್ಚೆ. ಪಾರ್ಲಿಮೆಂಟಿನ ಕೆಳಮನೆ ಪುಸ್ತಕವನ್ನು ಸುಡಿಸಿತು. ಮೇ ತಿಂಗಳಲ್ಲಿ ಡೆಫೋ ಸಿಕ್ಕಿಬಿದ್ದ. ಜುಲೈ ಕೊನೆಯ ಮೂರು ದಿನ ಬೀದಿಶಿಕ್ಷೆ. ಇಂಥವರಿಗೆ ಕೊಳೆತ ಮೊಟ್ಟೆ, ಕಲ್ಲು ಬೀಳುವುದು ವಾಡಿಕೆ. ಅವನಿಗೆ ಹೂ ಬಿತ್ತೆಂಬ ಕಥೆಯಿದೆ. ಹೂವಿನ ಮಾತು ಹಾಗಿರಲಿ, ಶಿಕ್ಷೆಯ ಹಲಗೆಯನ್ನೇ ಕುರಿತು ಅವನು ಬರೆದ ಪದ್ಯ ಆಗಲೇ ಅಚ್ಚಾಗಿ ಮಾರಾಟವಾಯಿತು.

ನವೆಂಬರಿನಲ್ಲಿ ರಾಜಕಾರಣಿ ರಾಬರ್ಟ್ ಹಾರ್ಲಿ ಅವನನ್ನು ಸೆರೆಯಿಂದ ಬಿಡಿಸಿದ. ಅಷ್ಟರಲ್ಲಿ ಟಿಲ್‌ಬರಿಯಲ್ಲಿದ್ದ ಅವನ ಇಟ್ಟಿಗೆ, ಹೆಂಚಿನ ಕಾರ್ಖಾನೆ ಮುಳುಗಿಹೋಗಿತ್ತು. ಹೆಂಡತಿ ಮಕ್ಕಳನ್ನು ಸಾಕಲು ಡೆಫೋ ಹಾರ್ಲಿಯ ಗುಪ್ತಚರನಾದ, ಅವನಿಗಾಗಿಯೇ ಪತ್ರಿಕೆಯಲ್ಲಿ ಬರೆಯತೊಡಗಿದ.